ಯಾವ ‘ಬ್ಲೇಡ್ ರನ್ನರ್’? ಒಂದೇ ಸಿನಿಮಾದ ಐದು ರೂಪಗಳನ್ನು ನಾನು ಹೋಲಿಸಿ ನೋಡಿದ ಬಗೆ

ಸೈನ್ಸ್ ಫಿಕ್ಷನ್ ಸಿನಿಮಾ ‘ಬ್ಲೇಡ್ ರನ್ನರ್’ ತುಂಬಾ ಇಷ್ಟವಾಯ್ತು ಅಂತ ಯಾರಾದರೂ ಹೇಳಿದರೆ, ಯಾವುದು ಅಂತ ನಾನು ಮೊದಲು ಕೇಳುತ್ತೇನೆ. 1982ರಲ್ಲಿ ಅಮೆರಿಕದ ಥಿಯೇಟರ್‌ಗಳಲ್ಲಿ ಓಡಿದ್ದು ಒಂದು. ಅದೇ ವರ್ಷ ಹೊರದೇಶಗಳಿಗೆ ಹೋದ ಪ್ರತಿಯಲ್ಲಿ ಹಿಂಸೆಯ ಕೆಲವು ತುಣುಕುಗಳು ಜಾಸ್ತಿ. ಬಿಡುಗಡೆಗೂ ಮುಂಚೆ ಜನರಿಗೆ ತೋರಿಸಿ ನೋಡಿದ ವರ್ಕ್‌ಪ್ರಿಂಟ್, ಅಂದರೆ ಕೆಲಸ ಪೂರ್ತಿ ಮುಗಿಯದ ಪ್ರತಿ, ಇನ್ನೊಂದು. ಆಮೇಲೆ 1992ರ ಡೈರೆಕ್ಟರ್ಸ್ ಕಟ್, 2007ರ ಫೈನಲ್ ಕಟ್. 2007ರಲ್ಲಿ ಈ ಐದನ್ನೂ ಸೇರಿಸಿದ ಡಿಸ್ಕ್ ಸೆಟ್ ಬಂತು. ಆ ಸೆಟ್ ನನ್ನ ಕೈಗೆ ಸಿಕ್ಕ ಮೇಲೆ ಹಳೆಯ ಸೈನ್ಸ್ ಫಿಕ್ಷನ್ ಸಿನಿಮಾಗಳ ಬಗ್ಗೆ ನಾನು ವಾದ ಮಾಡುವ ರೀತಿಯೇ ಬದಲಾಯಿತು.

ನಮ್ಮ ಗೆಳೆಯರ ಗುಂಪಿನಲ್ಲಿ ಈ ಜಗಳ ಮುಗಿಯುವುದೇ ಇಲ್ಲ. ಒಬ್ಬರು ಕೇಬಲ್ ಟಿವಿಯಲ್ಲಿ ನೋಡಿರುತ್ತಾರೆ, ಒಬ್ಬರು ಡಿವಿಡಿಯಲ್ಲಿ, ಇನ್ನೊಬ್ಬರು ಮೊನ್ನೆ ಮೊನ್ನೆ ಸ್ಟ್ರೀಮಿಂಗ್‌ನಲ್ಲಿ. ಎಲ್ಲರೂ ತಾವು ನೋಡಿದ್ದೇ ಮೂಲ ಅಂದುಕೊಂಡಿರುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ, ಆದರೆ ಎಲ್ಲರೂ ನೆನಪಿನಿಂದ ಮಾತಾಡುತ್ತಿದ್ದಾರೆ. ಹಾಗಾಗಿ ನಾನು ಎರಡು ಪ್ಲೇಯರ್‌ಗಳನ್ನು ಒಂದೇ ಟಿವಿಗೆ ಜೋಡಿಸಿದೆ. ಒಂದು ಎಚ್‌ಡಿಎಂಐ ಒಂದಕ್ಕೆ, ಇನ್ನೊಂದು ಎರಡಕ್ಕೆ. ಒಂದೇ ದೃಶ್ಯವನ್ನು ಎರಡರಲ್ಲೂ ನಿಲ್ಲಿಸಿ, ರಿಮೋಟಿನಲ್ಲಿ ಆಚೆ ಈಚೆ ಬದಲಾಯಿಸುತ್ತಾ ನೋಡಿದೆ. ಪಕ್ಕದಲ್ಲಿ ಒಂದು ನೋಟ್‌ಬುಕ್. ಇಷ್ಟೇ ಸಲಕರಣೆ.

ಶುರು ಮಾಡುವ ಮುಂಚೆ ಟಿವಿಯನ್ನು ಸರಿ ಮಾಡಿಕೊಳ್ಳಬೇಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಅಂಗಡಿಯಿಂದ ಬಂದ ಹೊಸ ಟಿವಿಯಲ್ಲಿ ಮೋಷನ್ ಸ್ಮೂದಿಂಗ್ ಆನ್ ಆಗಿರುತ್ತದೆ, ಶಾರ್ಪ್‌ನೆಸ್ ಮೇಲಿರುತ್ತದೆ, ನಾಯ್ಸ್ ರಿಡಕ್ಷನ್ ಕೂಡ ಆನ್. ಸೆಕೆಂಡಿಗೆ 24 ಫ್ರೇಮ್‌ಗಳ ಸಿನಿಮಾಕ್ಕೆ ಟಿವಿ ತಾನೇ ಹೊಸ ಫ್ರೇಮ್‌ಗಳನ್ನು ಹುಟ್ಟಿಸಿ ಸೇರಿಸುತ್ತದೆ. ಹಾಗೆ ನೋಡಿದವರು ‘ಸಿನಿಮಾ ಧಾರಾವಾಹಿ ಥರ ಕಾಣ್ತಿದೆ, ಹಾಳು ಮಾಡಿದ್ದಾರೆ’ ಅನ್ನುತ್ತಾರೆ. ಹಾಳು ಮಾಡಿದ್ದು ಟಿವಿ, ಡಿಸ್ಕ್ ಅಲ್ಲ. ನಾನು ಸಿನಿಮಾ ಮೋಡ್ ಹಾಕಿ, ಈ ಮೂರನ್ನೂ ಆಫ್ ಮಾಡುತ್ತೇನೆ. 4ಕೆ ಡಿಸ್ಕ್ ಹಾಕಿದಾಗ ಟಿವಿ ಎಚ್‌ಡಿಆರ್‌ಗೆ, ಅಂದರೆ ಬೆಳಕು-ನೆರಳನ್ನು ಇನ್ನೂ ಹೆಚ್ಚಾಗಿ ತೋರಿಸುವ ಮೋಡ್‌ಗೆ, ಹೋಗುತ್ತದೆ. ಅದಕ್ಕೆ ಸೆಟ್ಟಿಂಗ್ಸ್ ಬೇರೆಯೇ ಇರುತ್ತವೆ, ಅಲ್ಲೂ ಮತ್ತೆ ಆಫ್ ಮಾಡಬೇಕು.

ಆಮೇಲೆ ಸಿನಿಮಾದ ಉದ್ದ. ‘ಐದು ನಿಮಿಷ ಕತ್ತರಿಸಿದ್ದಾರೆ’ ಎಂಬ ದೂರು ಡಿವಿಡಿ ಕಾಲದಲ್ಲಿ ತುಂಬಾ ಕೇಳಿಬರುತ್ತಿತ್ತು. ನಮ್ಮಲ್ಲಿ, ಯುರೋಪಿನಲ್ಲಿ ಇದ್ದದ್ದು ಪಾಲ್ ಎಂಬ ಟಿವಿ ಪದ್ಧತಿ. ಅದರಲ್ಲಿ 24 ಫ್ರೇಮ್‌ಗಳ ಸಿನಿಮಾವನ್ನು 25ರ ವೇಗದಲ್ಲಿ ಓಡಿಸುತ್ತಾರೆ. 117 ನಿಮಿಷದ ಸಿನಿಮಾ ಸುಮಾರು 112 ನಿಮಿಷಕ್ಕೆ ಮುಗಿಯುತ್ತದೆ. ಒಂದು ದೃಶ್ಯವೂ ಹೋಗಿರುವುದಿಲ್ಲ. ಆದರೆ ಸಂಗೀತದ ಶ್ರುತಿ ಸ್ವಲ್ಪ ಮೇಲೇರಿರುತ್ತದೆ, ಈ ಸಿನಿಮಾಕ್ಕೆ ವ್ಯಾಂಜೆಲಿಸ್ ಮಾಡಿದ ಸಂಗೀತವನ್ನು ಚೆನ್ನಾಗಿ ಬಲ್ಲವರ ಕಿವಿಗೆ ಅದು ಕುಟುಕುತ್ತದೆ. ಬ್ಲೂ-ರೇ ಬಂದ ಮೇಲೆ ಸಿನಿಮಾ 24ರಲ್ಲೇ ಓಡುವುದರಿಂದ ಆ ತಲೆನೋವು ಇಲ್ಲ. ರೀಜನ್ ತೊಂದರೆ ಮಾತ್ರ ಉಳಿದಿದೆ, ಒಂದು ರೀಜನ್ನಿನ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದೇ ಇರಬಹುದು. ಭಾರತದ್ದು ಸಿ, ಅಮೆರಿಕದ್ದು ಎ. ತರಿಸುವ ಮುಂಚೆ ನೋಡಿಕೊಳ್ಳಿ. 4ಕೆ ಡಿಸ್ಕ್‌ಗೆ ರೀಜನ್ ಇಲ್ಲವೇ ಇಲ್ಲ.

ಇನ್ನು ನಿಜವಾದ ಹೋಲಿಕೆ. ಪೂರ್ತಿ ಸಿನಿಮಾವನ್ನು ಎರಡೆರಡು ಸಲ ನೋಡುತ್ತಾ ಕೂರುವ ಅಗತ್ಯವಿಲ್ಲ. ನಾನು ಕೆಲವು ದೃಶ್ಯಗಳನ್ನು ಆರಿಸಿಕೊಂಡೆ. ಮೊದಲನೆಯದು ಪೊಲೀಸ್ ಅಧಿಕಾರಿ ಬ್ರಯಂಟ್, ನಾಯಕ ಡೆಕರ್ಡ್‌ಗೆ (ನಟ ಹ್ಯಾರಿಸನ್ ಫೋರ್ಡ್) ರೆಪ್ಲಿಕಂಟ್‌ಗಳನ್ನು, ಅಂದರೆ ಮನುಷ್ಯರಂತೆಯೇ ಕಾಣುವ ಕೃತಕ ಜೀವಿಗಳನ್ನು, ಬೇಟೆಯಾಡುವ ಕೆಲಸ ಒಪ್ಪಿಸುವ ದೃಶ್ಯ. 1982ರದ್ದರಲ್ಲಿ ಆರು ರೆಪ್ಲಿಕಂಟ್‌ಗಳು ತಪ್ಪಿಸಿಕೊಂಡು ಬಂದವು, ಒಂದು ಸತ್ತಿತು ಅನ್ನುತ್ತಾನೆ. ಹಾಗಾದರೆ ಉಳಿದದ್ದು ಐದು. ಸಿನಿಮಾದಲ್ಲಿ ನಮಗೆ ಕಾಣುವುದು ನಾಲ್ಕೇ. ಆ ಐದನೆಯದು ಡೆಕರ್ಡೇ ಇರಬಹುದು ಅಂತ ಅಭಿಮಾನಿಗಳು ವರ್ಷಗಟ್ಟಲೆ ವಾದಿಸಿದ್ದಾರೆ. ಫೈನಲ್ ಕಟ್‌ನಲ್ಲಿ ಸತ್ತದ್ದು ಎರಡು ಅಂತ ಮಾತು ಬದಲಾಗಿದೆ. ಲೆಕ್ಕ ಸರಿಹೋಯಿತು, ಆ ವಾದವೂ ಹೋಯಿತು.

ಎರಡನೆಯದು ಆ ರೆಪ್ಲಿಕಂಟ್‌ಗಳಲ್ಲಿ ಒಬ್ಬಳಾದ ಜೋರಾ ಗಾಜುಗಳನ್ನು ಒಡೆದುಕೊಂಡು ಓಡಿ ಬೀಳುವ ದೃಶ್ಯ. ಹಳೆಯದರಲ್ಲಿ ಅವಳ ಬದಲಿಗೆ ಓಡುವುದು ಸ್ಟಂಟ್ ಕಲಾವಿದೆ ಅಂತ ಚೆನ್ನಾಗೇ ಗೊತ್ತಾಗುತ್ತದೆ, ವಿಗ್ ಕೂಡ ಹೊಂದುವುದಿಲ್ಲ. 2007ಕ್ಕಾಗಿ ನಟಿ ಜೊಯಾನಾ ಕ್ಯಾಸಿಡಿ ಮತ್ತೆ ಬಂದು ಕ್ಯಾಮೆರಾ ಮುಂದೆ ನಿಂತರು, ಅವರ ಮುಖವನ್ನು ಡಿಜಿಟಲ್ ಆಗಿ ಕೂರಿಸಿದರು. ಎಷ್ಟು ಹುಡುಕಿದರೂ ಅಂಟಿಸಿದ ಗುರುತು ನನಗೆ ಸಿಗಲಿಲ್ಲ. ಹಾವು ಮಾರುವವನ ಜೊತೆಗಿನ ಮಾತಿಗೆ ಹ್ಯಾರಿಸನ್ ಫೋರ್ಡ್ ತುಟಿ ಹೊಂದುತ್ತಿರಲಿಲ್ಲ. ಅದನ್ನು ಅವರ ಮಗನ ಬಾಯಿಯನ್ನು ಚಿತ್ರೀಕರಿಸಿ ಸರಿಮಾಡಿದ್ದಾರೆ. ಇವು ರಿಪೇರಿ. ನನ್ನದೇನೂ ತಕರಾರಿಲ್ಲ.

ಆದರೆ ರೆಪ್ಲಿಕಂಟ್‌ಗಳ ಮುಖಂಡ ರಾಯ್ ಬ್ಯಾಟಿ ತನ್ನನ್ನು ಸೃಷ್ಟಿಸಿದ ಟೈರೆಲ್‌ನ ಎದುರು ನಿಂತು ಇನ್ನಷ್ಟು ಆಯಸ್ಸು ಕೇಳುವ ಮಾತು ರಿಪೇರಿ ಅಲ್ಲ. 1982ರಲ್ಲಿ ಅಲ್ಲಿ ಬೈಗುಳ ಇತ್ತು. ಫೈನಲ್ ಕಟ್‌ನಲ್ಲಿ ‘ಅಪ್ಪಾ’ ಅಂತ ಕರೆಯುತ್ತಾನೆ. ಒಂದೇ ಪದ, ಆದರೆ ಪಾತ್ರವೇ ಬೇರೆಯಾಗುತ್ತದೆ. ಹಳೆಯ ಬ್ಯಾಟಿಯಲ್ಲಿ ಕುದಿಯುವ ಸಿಟ್ಟು, ಹೊಸಬನಲ್ಲಿ ಮಗನ ನೋವು. ನನಗೆ ಹಳೆಯದೇ ಬೇಕು. ಆಮೇಲೆ ಬರುವ ಕ್ರೌರ್ಯಕ್ಕೆ ಆ ಸಿಟ್ಟೇ ದಾರಿ.

ಅವನ ಸಾವಿನ ದೃಶ್ಯವನ್ನು ಮಾತ್ರ ನಾನು ಐದರಲ್ಲೂ ನೋಡಿದೆ. ಅಮೆರಿಕದ ಥಿಯೇಟರ್ ಪ್ರತಿಯಲ್ಲಿ, ಮಳೆಯಲ್ಲಿ ಅವನು ತಲೆ ಬಗ್ಗಿಸಿದ ಕೂಡಲೇ, ಅವನು ನನ್ನನ್ನು ಯಾಕೆ ಉಳಿಸಿದನೋ ಅಂತ ಡೆಕರ್ಡ್‌ನ ನಿರೂಪಣೆ ಶುರುವಾಗುತ್ತದೆ. ನಾವು ಮನಸ್ಸಿನಲ್ಲಿ ಕೇಳಿಕೊಳ್ಳಬೇಕಾದ್ದನ್ನು ಅವನೇ ಕೇಳಿಬಿಡುತ್ತಾನೆ. 1992ರಲ್ಲಿ ಆ ನಿರೂಪಣೆ ತೆಗೆದರು, ಕೊನೆಯ ಸುಖಾಂತ್ಯವನ್ನೂ ತೆಗೆದರು. ಆ ಸುಖಾಂತ್ಯದ ಬೆಟ್ಟಗುಡ್ಡಗಳು ಸ್ಟಾನ್ಲಿ ಕುಬ್ರಿಕ್ ‘ದಿ ಶೈನಿಂಗ್’ಗಾಗಿ ತೆಗೆಸಿ ಬಳಸದೆ ಬಿಟ್ಟ ತುಣುಕುಗಳು. ಇನ್ನು ಬ್ಯಾಟಿಯ ಕೈಯಿಂದ ಹಾರುವ ಪಾರಿವಾಳ. ಹಿಂದಿನ ಪ್ರತಿಗಳಲ್ಲಿ ಅದು ಸುರಿಯುವ ಮಳೆಯಿಂದ ಸೀದಾ ಹಗಲಿನ ನೀಲಿ ಆಕಾಶಕ್ಕೆ ಹೋಗುತ್ತದೆ. 2007ರಲ್ಲಿ ಆಕಾಶ ಕಪ್ಪಾಗಿದೆ. ಇದು ರಿಪೇರಿಯೋ ಬದಲಾವಣೆಯೋ? ನಮ್ಮ ಗುಂಪಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಾನು ರಿಪೇರಿ ಅನ್ನುವ ಕಡೆ.

ಬಣ್ಣದ ಮಾತು ಬೇರೆ. ಫೈನಲ್ ಕಟ್‌ನಲ್ಲಿ ಹಸಿರು-ನೀಲಿ ಛಾಯೆ ಜಾಸ್ತಿ. ಹಳೆಯ ಪ್ರತಿಗಳ ಪಕ್ಕ ಇಟ್ಟರೆ ಕೂಡಲೇ ಕಾಣುತ್ತದೆ, ಒಂದನ್ನೇ ನೋಡಿದರೆ ಗೊತ್ತೇ ಆಗುವುದಿಲ್ಲ. ಗ್ರೇನ್ ಕೂಡ ಹಾಗೇ. ಫಿಲ್ಮ್‌ನಲ್ಲಿ ಚಿತ್ರ ಮೂಡುವುದೇ ಆ ಕಣಗಳಿಂದ. ಕಂಪ್ಯೂಟರಿನಲ್ಲಿ ಅವನ್ನು ಜಾಸ್ತಿ ಒರೆಸಿದರೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ ಎಲ್ಲ ಒಟ್ಟಿಗೆ ಹೋಗಿ ಮುಖ ಮೇಣದ ಗೊಂಬೆಯಂತಾಗುತ್ತದೆ. ‘ಪ್ರಿಡೇಟರ್’ನ 2010ರ ಬ್ಲೂ-ರೇ, ‘ಏಲಿಯನ್ಸ್’ನ 2024ರ 4ಕೆ ಡಿಸ್ಕ್ ಬಂದಾಗ ಗಲಾಟೆಯಾದದ್ದು ಇದಕ್ಕೇ. ನಾನು ನೋಡುವುದು ಹಣೆ, ಕೆನ್ನೆ, ಉಣ್ಣೆ ಬಟ್ಟೆ. ಇಲ್ಲಿ ವಿವರ ಉಳಿದಿದ್ದರೆ ಡಿಸ್ಕ್ ಚೆನ್ನಾಗಿದೆ ಅಂತ ಧೈರ್ಯವಾಗಿ ಹೇಳುತ್ತೇನೆ.

ಇಷ್ಟೆಲ್ಲ ಹೋಲಿಸಲು ಆಗಿದ್ದು ಐದೂ ರೂಪಗಳನ್ನು ಮಾರಿದ್ದರಿಂದ, ಅಲ್ವಾ? ‘ಸ್ಟಾರ್ ವಾರ್ಸ್’ಗೆ ಆ ಭಾಗ್ಯ ಸಿಕ್ಕಿಲ್ಲ. 1977ರಲ್ಲಿ ಕ್ಯಾಂಟೀನಾ ಎಂಬ ಮದ್ಯದಂಗಡಿಯ ದೃಶ್ಯದಲ್ಲಿ ಗುಂಡು ಹಾರಿಸುವವನು ನಾಯಕರಲ್ಲೊಬ್ಬನಾದ ಹಾನ್ ಸೋಲೋ ಒಬ್ಬನೇ. 1997ರಲ್ಲಿ ಅವನನ್ನು ಹಿಡಿಯಲು ಬಂದ ಗ್ರೀಡೋ ಮೊದಲು ಹಾರಿಸುವಂತೆ ಮಾಡಿದರು. 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ. 2019ರಲ್ಲಿ ಸ್ಟ್ರೀಮಿಂಗ್‌ಗೆ ಬಂದಾಗ ಗ್ರೀಡೋ ಬಾಯಿಗೆ ‘ಮಕ್ಲಂಕಿ’ ಎಂಬ ಹೊಸ ಮಾತೂ ಸೇರಿತು. ಹಳೆಯ ರೂಪ ಡಿವಿಡಿಯಲ್ಲಿ ಸಿಕ್ಕಿದ್ದು 2006ರಲ್ಲಿ, ಅದೂ ಬೋನಸ್ ಡಿಸ್ಕ್ ಆಗಿ, 1993ರ ಲೇಸರ್‌ಡಿಸ್ಕ್‌ಗೆ ಮಾಡಿದ್ದ ಮಾಸ್ಟರ್‌ನಿಂದ. ಡಿವಿಡಿಯ 480 ಅಡ್ಡ ಗೆರೆಗಳಲ್ಲಿ ಚಿತ್ರಕ್ಕೆ ಸಿಕ್ಕಿದ್ದು ಸುಮಾರು 270, ಉಳಿದದ್ದು ಕಪ್ಪು ಪಟ್ಟಿ. ಇಂದಿನ ಅಗಲ ಟಿವಿಯಲ್ಲಿ ನಾಲ್ಕೂ ಕಡೆ ಕಪ್ಪು, ನಡುವೆ ಪುಟ್ಟ ಚಿತ್ರ. ಜೂಮ್ ಮಾಡಿದರೆ ಮಸುಕು.

‘ಸ್ಟಾರ್ ವಾರ್ಸ್’ನ ನಿರ್ದೇಶಕ ಜಾರ್ಜ್ ಲ್ಯೂಕಸ್‌ಗೆ ತನ್ನ ಸಿನಿಮಾ ತಿದ್ದುವ ಹಕ್ಕಿದೆ, ನಾನು ಒಪ್ಪುತ್ತೇನೆ. ಆದರೆ 1988ರಲ್ಲಿ ಅಮೆರಿಕದ ಕಾಂಗ್ರೆಸ್ ಮುಂದೆ, ಹಳೆಯ ಸಿನಿಮಾಗಳನ್ನು ಬದಲಾಯಿಸುವುದರ ವಿರುದ್ಧ ಮಾತಾಡಿದವರೂ ಅವರೇ. ಸ್ಪೀಲ್‌ಬರ್ಗ್ ‘ಇ.ಟಿ.’ಯ 2002ರ ರೂಪದಲ್ಲಿ ಬಂದೂಕುಗಳನ್ನು ಅಳಿಸಿ ವಾಕಿ-ಟಾಕಿ ಇಟ್ಟರು, ಆಮೇಲೆ ಬಹಿರಂಗವಾಗಿ ವಿಷಾದಿಸಿದರು. 2012ರ ಬ್ಲೂ-ರೇಯಲ್ಲಿ 1982ರ ರೂಪವನ್ನೇ ಕೊಟ್ಟರು. ನಾನು ಆ ನಡೆಯನ್ನು ತುಂಬಾ ಗೌರವಿಸುತ್ತೇನೆ.

2025ರ ಜೂನ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ‘ಸ್ಟಾರ್ ವಾರ್ಸ್’ನ 1977ರ ಟೆಕ್ನಿಕಲರ್ ಪ್ರಿಂಟನ್ನೇ ಓಡಿಸಿತು. 2027ಕ್ಕೆ ಸಿನಿಮಾಕ್ಕೆ 50 ವರ್ಷ ತುಂಬುತ್ತದೆ, ಆಗ 1977ರ ರೂಪವನ್ನೇ ಹೊಸದಾಗಿ ಸರಿಪಡಿಸಿ ಥಿಯೇಟರ್‌ಗೆ ತರುವುದಾಗಿ ಲ್ಯೂಕಸ್‌ಫಿಲ್ಮ್ ಹೇಳಿದೆ. ಅದು ಡಿಸ್ಕ್ ಆಗಿ ಬಂದರೆ ನಾನು ಮೊದಲು ನೋಡುವುದು ಶುರುವಿನಲ್ಲಿ ಮೇಲೇರುವ ಅಕ್ಷರಗಳನ್ನು. ‘ಎಪಿಸೋಡ್ 4’ ಅಂತ ಅಲ್ಲಿ ಇರಕೂಡದು, ಅದು ಸೇರಿದ್ದು 1981ರಲ್ಲಿ. ಆಮೇಲೆ ಮೋಸ್ ಐಸ್ಲಿ ಊರಿನ ಬೀದಿ. 1997ರಲ್ಲಿ ತುಂಬಿಸಿದ ಕಂಪ್ಯೂಟರ್ ಪ್ರಾಣಿಗಳು ಇಲ್ಲದೆ ಬೀದಿ ಖಾಲಿ ಖಾಲಿ ಇರಬೇಕು. ಕೊನೆಗೆ ಕ್ಯಾಂಟೀನಾ. ಅಲ್ಲಿ ಒಂದೇ ಗುಂಡು ಹಾರಬೇಕು, ಅದೂ ಹಾನ್‌ನದ್ದು.