ಕುವೆಂಪು ಅಂತ ಹುಡುಕಿದರೆ ಕುವೆಂಪು ಸಿಗುತ್ತಿರಲಿಲ್ಲ: ಕನ್ನಡ ಲಿಪಿಯ ಕ್ಯಾಟಲಾಗ್, ನನ್ನ ಅನುಭವ

ಕನ್ನಡ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲೇ ಕ್ಯಾಟಲಾಗ್ ಮಾಡುತ್ತೇನೆ ಅಂದಾಗ ನಮ್ಮ ವೃತ್ತಿಯವರೇ ಬೇಡ ಅಂದಿದ್ದರು. ಹುಡುಕಿದರೆ ಸಿಗಲ್ಲ, ಸಾರ್ಟ್ ಆಗಲ್ಲ, ಬೇರೆ ಲೈಬ್ರರಿಯವರಿಗೆ ರೆಕಾರ್ಡ್ ಕೊಡೋಕೆ ಬರಲ್ಲ, ಸುಮ್ನೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಮುಗಿಸಿ ಅಂತ. ಹಾಗೆ ಹೇಳಿದವರಲ್ಲೇ ಇಬ್ಬರು ಮೊನ್ನೆ ಬಂದು, ಅರ್ಧ ದಿನ ಕೂತು, ನಮ್ಮ ಲೈಬ್ರರಿ ಸಾಫ್ಟ್‌ವೇರ್ ಕೋಹಾದ ಸೆಟ್ಟಿಂಗ್ ಬರೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊಸಬರಿಗೆ ಎರಡು ಮಾತು: ಮಾರ್ಕ್ ಅಂದರೆ ಪುಸ್ತಕದ ಒಂದೊಂದು ವಿವರಕ್ಕೂ ಒಂದೊಂದು ಸಂಖ್ಯೆಯ ಫೀಲ್ಡ್ ಇರುವ ರೆಕಾರ್ಡ್ ಮಾದರಿ, ಡ್ಯೂಯಿ ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ವಿಂಗಡಿಸುವ ಕ್ರಮ.

ನಮ್ಮದು ಮಲೆನಾಡಿನ ಒಂದು ಊರಿನ ಟ್ರಸ್ಟ್ ವಾಚನಾಲಯ. ಸುಮಾರು ಹನ್ನೊಂದು ಸಾವಿರ ಪುಸ್ತಕ, ಅದರಲ್ಲಿ ಒಂಬತ್ತೂವರೆ ಸಾವಿರ ಕನ್ನಡದ್ದು. ಲೈಬ್ರೇರಿಯನ್ ನಾನೊಬ್ಬಳೇ. ಸಹಾಯಕ್ಕೆ ಒಬ್ಬ ಹುಡುಗ, ಅವನೂ ಮಧ್ಯಾಹ್ನದವರೆಗೆ ಮಾತ್ರ.

ಮೊದಲ ಸಲ ನಾನೂ ಎಲ್ಲರ ಮಾತು ಕೇಳಿ ಇಂಗ್ಲಿಷ್ ಅಕ್ಷರದಲ್ಲೇ ಶುರು ಮಾಡಿಸಿದೆ. ಒಂದು ರೆಕಾರ್ಡಿಗೆ ಐದು ರೂಪಾಯಿಯಂತೆ ಇಬ್ಬರು ಹುಡುಗಿಯರು 2,400 ಪುಸ್ತಕ ಹಾಕಿದರು. ಹನ್ನೆರಡು ಸಾವಿರ ಹೋಯಿತು. ಕಾರಂತರ ಹೆಸರು ಐದು ಸ್ಪೆಲ್ಲಿಂಗಿನಲ್ಲಿ ಕೂತಿತ್ತು. ‘ಳ’ಗೂ ‘ಲ’ಗೂ ಒಂದೇ ಅಕ್ಷರ, ‘ಟ’ಗೂ ‘ತ’ಗೂ ಒಂದೇ. ಚುಕ್ಕಿ ಗೆರೆ ಹಾಕಿ ಶಾಸ್ತ್ರೀಯವಾಗಿ ಲಿಪ್ಯಂತರ ಮಾಡಬಹುದಿತ್ತು ನಿಜ. ಆದರೆ ಹುಡುಕೋಕೆ ಬರುವ ರೈತರು, ಹೈಸ್ಕೂಲ್ ಮಕ್ಕಳು ಆ ಚುಕ್ಕಿ ಎಲ್ಲಿ ಒತ್ತಬೇಕು? ಓದುವವರಿಗೆ ಬರದ ಅಕ್ಷರದಲ್ಲಿ ಅವರ ಪುಸ್ತಕದ ಹೆಸರು ಬರೆಯೋದು ನನಗೆ ಅನ್ಯಾಯ ಅನ್ನಿಸಿತು. ಈಗಲೂ ಅನ್ನಿಸುತ್ತದೆ. 2,400 ರೆಕಾರ್ಡ್ ಅಳಿಸಿದೆ. ಕಮಿಟಿಯಲ್ಲಿ ಆ ಹನ್ನೆರಡು ಸಾವಿರದ ಲೆಕ್ಕ ಕೊಡೋಕೆ ನನಗೆ ಮೂರು ಮೀಟಿಂಗ್ ಬೇಕಾಯಿತು.

ಎರಡನೇ ಸೋಲು ಹಳೇ ಎಕ್ಸೆಲ್ ಫೈಲಿನದ್ದು. ನನಗಿಂತ ಮುಂಚೆ ಇದ್ದವರು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ, ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಿನಲ್ಲಿ, ನಾಲ್ಕು ಸಾವಿರ ಪುಸ್ತಕದ ಪಟ್ಟಿ ಮಾಡಿಟ್ಟಿದ್ದರು. ಅದನ್ನು ಯುನಿಕೋಡ್‌ಗೆ ಬದಲಿಸಿದರೆ ನಾಲ್ಕು ಸಾವಿರ ಪುಸ್ತಕ ಪುಕ್ಕಟೆ ಬಂದಂತೆ ಅಂತ ಖುಷಿಪಟ್ಟಿದ್ದೆ. ಬದಲಿಸಿಕೊಟ್ಟವರು ಏಳು ಸಾವಿರ ತೆಗೆದುಕೊಂಡರು. ಬಂದ ಫೈಲಿನಲ್ಲಿ ‘ಕರ್ನಾಟಕ’ ಎಲ್ಲ ‘ಕನಾರ್ಟಕ’, ‘ಧರ್ಮ’ ಎಲ್ಲ ‘ಧಮರ್’. ಹಳೇ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ಮುಂಚೆ ಬರಬೇಕು. ಅವರ ಪರಿವರ್ತಕಕ್ಕೆ ಅದು ಗೊತ್ತಿರಲಿಲ್ಲ. ಕೊನೆಗೆ ನಾನೇ ಫೈಂಡ್ ರೀಪ್ಲೇಸ್ ನಿಯಮ ಬರೆದು ಮುಕ್ಕಾಲು ಭಾಗ ಸರಿ ಮಾಡಿದೆ, ಉಳಿದದ್ದನ್ನು ಕೈಯಲ್ಲೇ ತಿದ್ದಿದೆ. ನಿಮ್ಮ ಹತ್ತಿರ ಇಂಥ ಫೈಲ್ ಇದ್ದರೆ ಮೊದಲು ಐವತ್ತು ಸಾಲು ಮಾತ್ರ ಕೊಟ್ಟು ‘ಕರ್ನಾಟಕ’ ಹೇಗೆ ಬರುತ್ತದೆ ನೋಡಿ. ಆಮೇಲೆ ದುಡ್ಡಿನ ಮಾತು.

ಇದೆಲ್ಲ ಆದ ಮೇಲೂ ಹುಡುಕಾಟ ನಡೆಯಲಿಲ್ಲ. ಕುವೆಂಪು ಅಂತ ಟೈಪ್ ಮಾಡಿದರೆ ಮೂರೇ ಪುಸ್ತಕ. ಕಪಾಟಿನಲ್ಲಿ ನೋಡಿದರೆ ಅರವತ್ತಕ್ಕೂ ಜಾಸ್ತಿ ಇವೆ. ಒಂದು ವಾರ ಇಂಡೆಕ್ಸ್ ಮೇಲೆ ಅನುಮಾನ ಪಟ್ಟೆ. ಕೋಹಾದ ಹುಡುಕಾಟದ ಇಂಡೆಕ್ಸ್ ಮಾಡುವ ಝೆಬ್ರಾವನ್ನು ಐಸಿಯುಗೆ (ಯುನಿಕೋಡ್ ಪದಗಳನ್ನು ಸರಿಯಾಗಿ ಬಿಡಿಸುವ ವ್ಯವಸ್ಥೆ) ಬದಲಿಸಿದೆ, ಪೂರ್ತಿ ರೀಇಂಡೆಕ್ಸ್ ಮಾಡಿದೆ. (ಕನ್ನಡಕ್ಕೆ ಐಸಿಯು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.) ಮೂರು ಹೋಗಿ ಒಂಬತ್ತಾಯಿತು. ಆಮೇಲೆ ಒಂದು ರಾತ್ರಿ ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ, ಕೋಡ್ ಸಂಖ್ಯೆ ನೋಡಿದಾಗ ಗೊತ್ತಾಯಿತು. ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಹಾಕಿದ್ದರು. ‘ಕುವೆಂಪು’ ಮತ್ತು ‘ಕುವೆ೦ಪು’. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ. ಹೀಗೆ ಕೆಟ್ಟ ರೆಕಾರ್ಡ್ ಒಂಬೈನೂರರ ಹತ್ತಿರ ಇದ್ದವು. ಪಂಪ, ರನ್ನ ಅಂತ ಜೊತೆಜೊತೆಗೆ ಹುಡುಕಿದಾಗ ರನ್ನ ಪೂರ್ತಿ ಸಿಕ್ಕಿ ಪಂಪ ಸಿಗದೆ ಇದ್ದದ್ದು ಯಾಕೆ ಅಂತ ಆಗ ಹೊಳೆಯಿತು.

ಅದೇ ಜಾಡಿನಲ್ಲಿ ಇನ್ನೆರಡು ಸಿಕ್ಕವು. ಕೆಲವು ಕೀಬೋರ್ಡ್ ‘ಕೊ’ ಬರೆಯುವಾಗ ಒಂದೇ ಗುಣಿತ ಚಿಹ್ನೆಯ ಬದಲು ಎತ್ವ, ಕೊಂಬಿನ ದೀರ್ಘ ಅಂತ ಎರಡು ಚಿಹ್ನೆ ಹಾಕುತ್ತವೆ. ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದರೆ, ಅಂದರೆ ಯುನಿಕೋಡ್ ನಿಯಮದಂತೆ ಇಂಥ ಎರಡನ್ನೂ ಒಂದೇ ರೂಪಕ್ಕೆ ತಂದರೆ, ಸರಿಹೋಗುತ್ತದೆ. ಇನ್ನೊಂದು, ‘ರ‍್ಯಾಂಕ್’ ಥರದ ಪದಗಳ ಮಧ್ಯೆ ಕಾಣದ ಜೋಡಕ ಅಕ್ಷರ ಇರೋದು. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕಲ್ಲ. ಈಗ ನಾನು ಯಾವ ಫೈಲನ್ನೂ ಈ ಮೂರು ತೊಳೆದೇ ಕೋಹಾ ಒಳಗೆ ಬಿಡೋದು. ಮಾರ್ಕ್ ರೆಕಾರ್ಡ್ ತಿದ್ದುವ ಮಾರ್ಕ್‌ಎಡಿಟ್‌ನಲ್ಲಿ ಒಂದು ಟಾಸ್ಕ್ ಮಾಡಿಟ್ಟಿದ್ದೇನೆ, ಹತ್ತು ಸೆಕೆಂಡಿನ ಕೆಲಸ.

ನಾಲ್ಕನೆಯದೂ ಒಂದಿದೆ. ‘ಬಾರತ’ ಅಂತ ಹೊಡೆದರೂ ನಮ್ಮಲ್ಲಿ ‘ಭಾರತ’ ಸಿಗುತ್ತದೆ, ‘ಶಂಕರ’ ‘ಸಂಕರ’ ಎರಡೂ ನಡೆಯುತ್ತದೆ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಹೇಳಲ್ಲ. ನಾಲ್ಕು ತಿಂಗಳು ತಲೆ ಕೆಡಿಸಿಕೊಂಡು ಮಾಡಿದ್ದು. ನೋಡಬೇಕು ಅಂದವರು ನಮ್ಮೂರಿಗೇ ಬನ್ನಿ, ಕಾಫಿ ಕೊಟ್ಟು ತೋರಿಸುತ್ತೇನೆ.

ಮಾರ್ಕ್‌ನಲ್ಲಿ ಬೇರೆ ಲಿಪಿಯ ರೂಪ ಹಾಕುವ 880 ಫೀಲ್ಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು 880 ಬಳಸಿಲ್ಲ. ಮಾರ್ಕ್ 21ರಲ್ಲಿ ಬಹುಲಿಪಿ ರೆಕಾರ್ಡಿಗೆ ಎರಡು ಮಾದರಿ ಇವೆ. ಒಂದರಲ್ಲಿ ಇಂಗ್ಲಿಷ್ ಅಕ್ಷರ 245ರಲ್ಲಿ (ಮುಖಪುಟದ ಹೆಸರು ಹಾಕುವ ಫೀಲ್ಡ್) ಕೂತು ಕನ್ನಡ 880ಗೆ ಹೋಗುತ್ತದೆ. ಇನ್ನೊಂದರಲ್ಲಿ ಮೂಲ ಲಿಪಿಯೇ ನೇರವಾಗಿ 245ರಲ್ಲಿ. ನಾನು ಎರಡನೆಯದನ್ನು ಹಿಡಿದೆ. ಇಂಗ್ಲಿಷ್ ಅಕ್ಷರದ ರೂಪ ಬೇಕಾದಾಗ 246ಕ್ಕೆ (ಪುಸ್ತಕದ ಪರ್ಯಾಯ ಹೆಸರಿನ ಫೀಲ್ಡ್) ಹಾಕಿದೆ. ನಿಯಮ ಮುರಿದೆ ಅಂದವರಿಗೆ ನಿಯಮದಲ್ಲೇ ಇದೆ ಅಂತ ತೋರಿಸಿದೆ.

ಹೆಸರುಗಳ ಅಥಾರಿಟಿ ಫೈಲ್, ಅಂದರೆ ಒಬ್ಬರ ಬೇರೆಬೇರೆ ಹೆಸರುಗಳನ್ನು ಒಂದು ಮುಖ್ಯ ಹೆಸರಿಗೆ ಜೋಡಿಸುವ ಪಟ್ಟಿ, ಮಾಡಿದ್ದೇ ನಿಜವಾದ ಕೆಲಸ. ನಮ್ಮವರಲ್ಲಿ ಸರ್‌ನೇಮ್ ಅನ್ನೋದು ಎಲ್ಲರಿಗೂ ಇರಲ್ಲ, ಊರು, ಅಪ್ಪನ ಹೆಸರು, ತಮ್ಮ ಹೆಸರು. ‘ಅಯ್ಯಂಗಾರ್, ಮಾಸ್ತಿ ವೆಂಕಟೇಶ’ ಅಂತ ತಿರುಗಿಸಿ ಬರೆದರೆ ಯಾರು ಹುಡುಕುತ್ತಾರೆ? ಜನ ಮಾಸ್ತಿ ಅನ್ನುತ್ತಾರೆ. ಹಾಗಾಗಿ ನಮ್ಮಲ್ಲಿ ಓದುಗರ ಬಾಯಲ್ಲಿ ಇರುವ ಹೆಸರೇ 100 (ಮುಖ್ಯ ಹೆಸರಿನ ಫೀಲ್ಡ್), ಉಳಿದದ್ದೆಲ್ಲ 400 (ಬೇರೆ ಹೆಸರುಗಳ ಫೀಲ್ಡ್). ಕುವೆಂಪು ಮುಖ್ಯ, ಕೆ.ವಿ. ಪುಟ್ಟಪ್ಪ ಅಡ್ಡಹೆಸರು. ಬೇಂದ್ರೆಯವರದ್ದು ಬೇರೆ ಮಾಡಿದೆ. ಕವಿತೆಗೆ ಅಂಬಿಕಾತನಯದತ್ತ, ಉಳಿದ ಬರಹಕ್ಕೆ ದ.ರಾ. ಬೇಂದ್ರೆ ಅಂತ ಅವರೇ ಇಟ್ಟುಕೊಂಡದ್ದನ್ನು ಒಡೆಯೋಕೆ ನನಗೆ ಮನಸ್ಸಾಗಲಿಲ್ಲ. ಎರಡೂ ಇಟ್ಟು 500ರಿಂದ (‘ಇದನ್ನೂ ನೋಡಿ’ ಅನ್ನುವ ಫೀಲ್ಡ್) ಜೋಡಿಸಿದೆ. ಬೀಚಿಯವರ ಹೆಸರಿನಲ್ಲಿ ‘ಬೀ’ ಕನ್ನಡದಲ್ಲಿ, ‘ಚಿ’ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಮುಖಪುಟದಲ್ಲಿ ಇದ್ದ ಹಾಗೇ 245ರಲ್ಲಿ ಬಿಟ್ಟು, ಪೂರ್ತಿ ಕನ್ನಡದ ರೂಪವನ್ನೂ ರಾಯಸಂ ಭೀಮಸೇನರಾವ್ ಅನ್ನೋದನ್ನೂ ಅಥಾರಿಟಿಯಲ್ಲಿ ಸೇರಿಸಿದೆ.

ಇಲ್ಲಿ ಒಂದು ದೊಡ್ಡ ತಪ್ಪೂ ಮಾಡಿದೆ. ಮಾಸ್ತಿಯವರ ಕಾವ್ಯನಾಮ ‘ಶ್ರೀನಿವಾಸ’ ಅಲ್ವಾ, ಪಟ್ಟಿ ಶುದ್ಧ ಮಾಡುವ ಓಪನ್‌ರಿಫೈನ್‌ನಲ್ಲಿ ಎಲ್ಲ ಶ್ರೀನಿವಾಸರನ್ನೂ ಒಂದೇ ಏಟಿಗೆ ಅವರ ಜೊತೆ ಸೇರಿಸಿಬಿಟ್ಟೆ. ಅಡಿಕೆ ಕೊಳೆರೋಗದ ಕೈಪಿಡಿ ಮಾಸ್ತಿಯವರ ಕತೆಗಳ ಪಕ್ಕ ಬಂದು ಕೂತಿತು. ಬಿಡಿಸೋಕೆ ಎರಡು ದಿನ. ಆಮೇಲಿಂದ ಪುಸ್ತಕ ಕೈಯಲ್ಲಿ ಹಿಡಿಯದೆ ಯಾವ ಹೆಸರನ್ನೂ ಸೇರಿಸಿಲ್ಲ.

ನಮ್ಮ ತಾಲ್ಲೂಕಿನ ಒಬ್ಬರು ಬೇರೆ ಹೆಸರಿನಲ್ಲಿ ಬರೆಯುತ್ತಾರೆ. ತ್ರಿವೇಣಿಯವರ ನಿಜ ಹೆಸರು ಅನಸೂಯಾ ಶಂಕರ್ ಅಂತ ಎಲ್ಲರಿಗೂ ಗೊತ್ತು, ಹಾಕಿದೆ. ಇವರದ್ದು ಹಾಗಲ್ಲ. ಕೇಳಿದಾಗ ‘ಮೇಡಂ, ಮನೆಯಲ್ಲಿ ಗೊತ್ತಿಲ್ಲ, ದಯವಿಟ್ಟು ಬೇಡ’ ಅಂದರು. ಆ ರೆಕಾರ್ಡಿನಲ್ಲಿ 400 ಖಾಲಿ ಇದೆ. ನನ್ನ ಮಟ್ಟಿಗೆ ಅದೂ ಸರಿಯಾದ ಕ್ಯಾಟಲಾಗಿಂಗೇ.

ಪುಸ್ತಕದ ಬೆನ್ನಿನ ಲೇಬಲ್ ಬಗ್ಗೆ ಸಣ್ಣ ಮಾತು. ಡ್ಯೂಯಿಯಲ್ಲಿ ಕನ್ನಡ ಕಾದಂಬರಿ 894.8143, ಅದರ ಕೆಳಗೆ ಲೇಖಕರ ಮೊದಲ ಮೂರು ಅಕ್ಷರ ಅಂತ ಎಕ್ಸೆಲ್‌ಗೆ ಹೇಳಿದೆ. ತ್ರಿವೇಣಿ ‘ತ್ರ’ ಆಯಿತು, ಕುವೆಂಪು ‘ಕುವ’ ಆಯಿತು, ಬೇಂದ್ರೆ ‘ಬೇಂ’. ಎಕ್ಸೆಲ್ ನಮ್ಮ ಅಕ್ಷರ ಎಣಿಸಲ್ಲ, ಒತ್ತು ಗುಣಿತ ಎಲ್ಲ ಬೇರೆಬೇರೆ ಎಣಿಸುತ್ತದೆ. ಎಂಟುನೂರು ಲೇಬಲ್ ಪ್ರಿಂಟ್ ಆಗಿ, ಅಂಟಿಸಿಯೂ ಆಗಿತ್ತು. ಈಗ ಎರಡು ಪೂರ್ತಿ ಅಕ್ಷರ ಮಾತ್ರ, ಅದನ್ನೂ ಕೈಯಲ್ಲಿ ಹಾಕುತ್ತೇವೆ.

ಹಳೇ ಪುಸ್ತಕದ ಇಸವಿ ಇನ್ನೊಂದು ಮಜಾ. ಎಷ್ಟೋ ಪುಸ್ತಕದಲ್ಲಿ ‘ಆಂಗೀರಸ ಸಂವತ್ಸರ’ ಅಂತ ಮಾತ್ರ ಇರುತ್ತದೆ. ಅದು 1872-73 ಆಗಬಹುದು, 1932-33 ಆಗಬಹುದು, 1992-93 ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಸುತ್ತು. ಬೆಲೆ ಆಣೆಯಲ್ಲಿದ್ದರೆ ಕೊನೆಯದು ಅಲ್ಲ, ಮೊದಲ ಎರಡರಲ್ಲಿ ಯಾವುದು ಅನ್ನೋದಕ್ಕೆ ಪ್ರೆಸ್ಸಿನ ಹೆಸರು, ಕಾಗದ, ಅಚ್ಚುಮೊಳೆ ನೋಡಬೇಕು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿದರೆ ಆಯಿತು. ಸಂವತ್ಸರ ಯುಗಾದಿಯಿಂದ ಯುಗಾದಿಗೆ, ಹಾಗಾಗಿ ಒಂದೇ ಇಸವಿ ಬರೆಯಬೇಡಿ, ಎರಡೂ ಬರೆಯಿರಿ. ಇನ್ನೂರೈವತ್ತು ಪುಸ್ತಕಕ್ಕೆ ಹೀಗೆ ಇಸವಿ ಹುಡುಕಿ ಕೊಟ್ಟಿದ್ದೇನೆ. ಇದು ನನಗೆ ತುಂಬ ಹೆಮ್ಮೆಯ ಕೆಲಸ.

ಈಗ ಕಷ್ಟದ ವಿಷಯ. ನಮ್ಮ ಹಳೇ ರಿಜಿಸ್ಟರಿನಲ್ಲಿ, ಅದಕ್ಕಿಂತ ಹಳೇ ವಿಷಯಪಟ್ಟಿಯಲ್ಲಿ, ಕೆಲವು ಜಾತಿಗಳ ಹೆಸರು ಬೈಗುಳದ ರೂಪದಲ್ಲಿ ಇದ್ದವು. ಆ ಪದಗಳನ್ನು ಇಲ್ಲಿ ಬರೆಯಲ್ಲ. ಮೊದಲ ಮಳೆಗಾಲದಲ್ಲಿ ನಾನು ಯೋಚನೆಯೇ ಮಾಡದೆ ಅವನ್ನು ಹಾಗೇ 650ಕ್ಕೆ (ವಿಷಯಪದದ ಫೀಲ್ಡ್) ತುಂಬಿದ್ದೆ. ಓದೋಕೆ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಪರದೆ ಮೇಲೆ ತಮ್ಮ ಸಮುದಾಯದ ಹೆಸರನ್ನು ಆ ರೂಪದಲ್ಲಿ ನೋಡಿದರು. ಕೂಗಾಡಲಿಲ್ಲ. ‘ನಮ್ಮ ಹೆಸರು ಬರೆಯೋ ಮುಂಚೆ ನಮ್ಮನ್ನು ಒಂದು ಮಾತು ಕೇಳಬಹುದಿತ್ತು, ಅಲ್ವಾಮ್ಮ’ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಕೂತು ಕೇಳಿದೆವು. ಅವರು, ಅವರ ಕೇರಿಯ ಕಾಲೇಜು ಮಕ್ಕಳು, ಇನ್ನೆರಡು ಸಮುದಾಯದ ಹಿರಿಯರು. ಮೂವತ್ತರ ಹತ್ತಿರ ಪದ ಬದಲಾದವು. ಪುಸ್ತಕದ ಹೆಸರಿನಲ್ಲೇ ಹಳೇ ಪದ ಇದ್ದರೆ ಮುಟ್ಟಿಲ್ಲ, ಅದು ಆ ಪುಸ್ತಕದ ಚರಿತ್ರೆ. ಆದರೆ ವಿಷಯಪದ ನಮ್ಮ ಮಾತು, ಅದಕ್ಕೆ ನಾವೇ ಹೊಣೆ. ಹಳೇ ಪದ ಹುಡುಕಿದರೂ ಹೊಸ ಪದಕ್ಕೆ ಹೋಗುವ ಹಾಗೆ ಅಥಾರಿಟಿಯಲ್ಲಿ ಇಟ್ಟಿದ್ದೇನೆ, ಸಂಶೋಧಕರಿಗೆ ದಾರಿ ತಪ್ಪಬಾರದು. ಇದಕ್ಕೆಲ್ಲ ನಿಮಗೆ ಅಧಿಕಾರ ಯಾರು ಕೊಟ್ಟರು ಅಂತ ಒಬ್ಬರು ಕೇಳಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ವಲಸಿಗರನ್ನು ‘ಅಕ್ರಮ ಪರಕೀಯರು’ ಅನ್ನುವ ವಿಷಯಪದ ಬಿಡುತ್ತೇವೆ ಅಂತ 2016ರಲ್ಲಿ ಹೇಳಿ, ರಾಜಕೀಯ ಗಲಾಟೆಯಾಗಿ, ಬದಲಿಸಿದ್ದು 2021ರಲ್ಲಿ. ಅದು ಶುರುವಾದದ್ದೂ ಕಾಲೇಜು ವಿದ್ಯಾರ್ಥಿಗಳ ಒತ್ತಾಯದಿಂದಲೇ. ನಮ್ಮದು ಮೂರು ತಿಂಗಳಲ್ಲಿ ಮುಗಿಯಿತು, ಸಣ್ಣ ಲೈಬ್ರರಿಗೆ ಇರುವ ಅನುಕೂಲ ಅದು.

ಒಂದು ಮನೆಯವರು ಓಲೆಗರಿಯ ಕಟ್ಟು ತಂದರು. ಮನೆತನದ ಮದ್ದಿನ ವಿಷಯ. ಇದೆ ಅಂತ ಬರೆಯಿರಿ, ಒಳಗೆ ಏನಿದೆ ಅಂತ ಬರೆಯಬೇಡಿ, ನಮ್ಮ ಮನೆ ಯಾವುದು ಅಂತಲೂ ಬೇಡ ಅಂದರು. 506ರಲ್ಲಿ ನಿರ್ಬಂಧ ಹಾಕಿದೆ, 561ರಲ್ಲಿ ಮನೆಯ ವಿವರ ಬರೆದು ಮೊದಲ ಇಂಡಿಕೇಟರ್ 0 ಕೊಟ್ಟೆ. ಖಾಸಗಿ ಅಂತ ಅರ್ಥ ತಾನೇ, ಸಾಕು ಅಂದುಕೊಂಡೆ. ಮುಖ್ಯ ಪುಟದಲ್ಲಿ ಕಾಣಲಿಲ್ಲ, ಆದರೆ ಓದುಗರ ಕಡೆಯ ಮಾರ್ಕ್ ನೋಟದಲ್ಲಿ ಫೋನ್ ನಂಬರ್ ಸಮೇತ ಎರಡು ವಾರ ತೆರೆದೇ ಇತ್ತು. ಯಾವ ಫೀಲ್ಡ್ ಎಲ್ಲಿ ಕಾಣಬೇಕು ಅಂತ ಹೇಳುವ ಕೋಹಾದ ಫ್ರೇಮ್‌ವರ್ಕ್‌ನಲ್ಲಿ ಆ ಫೀಲ್ಡ್ ಮುಚ್ಚೋದನ್ನು ಮರೆತಿದ್ದೆ. ನಾನೇ ಅವರ ಮನೆಗೆ ಹೋಗಿ ಹೇಳಿ ಕ್ಷಮೆ ಕೇಳಿದೆ. ಈಗ ಅಂಥ ವಿವರ ಕೋಹಾದಲ್ಲೇ ಇಲ್ಲ, ಬೀರುವಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿದೆ. ಯಾರು ಯಾವ ಪುಸ್ತಕ ಓದಿದರು ಅನ್ನುವ ಹಳೇ ದಾಖಲೆಯನ್ನೂ ಪ್ರತಿ ತಿಂಗಳು ಅನಾಮಧೇಯ ಮಾಡುತ್ತೇವೆ. ಒಮ್ಮೆ ಒಬ್ಬರು ಬಂದು ಒಂದು ಪುಸ್ತಕ ಯಾರು ಯಾರು ಒಯ್ದಿದ್ದಾರೆ ಅಂತ ಪಟ್ಟಿ ಕೇಳಿದ್ದರು. ಇಲ್ಲ ಅಂದೆ. ನಿಜವಾಗಿಯೂ ಇರಲಿಲ್ಲ.

ಮಧ್ಯೆ ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್‌ನಿಂದ ಮುಖಪುಟ ಓದಿಸಿ ಟೈಪಿಂಗ್ ಉಳಿಸೋಣ ಅಂತ ನೋಡಿದೆ. ಹೊಸ ಪುಸ್ತಕಕ್ಕೆ ಪರವಾಗಿಲ್ಲ, ಮೊಳೆ ಅಚ್ಚಿನ ಹಳೇ ಪುಸ್ತಕದ ಒತ್ತಕ್ಷರ ಎಲ್ಲ ಚಿಂದಿ. ಬಿಟ್ಟೆ. ಆದರೆ ಸುಮ್ನೆ ಮಾಡಿದ ಇನ್ನೊಂದು ಪ್ರಯೋಗ ಗೆದ್ದಿತು. ಕೌಂಟರಿನಲ್ಲಿ ಹಳೇ ಮೊಬೈಲ್ ಇಟ್ಟು, ಕನ್ನಡ ಧ್ವನಿ ಟೈಪಿಂಗ್ ಹಾಕಿ, ಮಾತಾಡಿ ಹುಡುಕಿ ಅಂದೆ. ಅದರಿಂದ ಬರುವ ಅಕ್ಷರ ಶುದ್ಧ ಯುನಿಕೋಡ್, ಸೊನ್ನೆ ಗೊಂದಲವೇ ಇಲ್ಲ. ಟೈಪ್ ಬಾರದ ಅಜ್ಜಂದಿರು ಈಗ ತಾವೇ ‘ಎತ್ತಿನ ರೋಗ’ ಅಂತ ಜೋರಾಗಿ ಹೇಳಿ ಪುಸ್ತಕ ಹುಡುಕಿಕೊಳ್ಳುತ್ತಾರೆ. ಇಂಗ್ಲಿಷ್ ಅಕ್ಷರದ ಕ್ಯಾಟಲಾಗ್ ಇದ್ದಿದ್ದರೆ ಇದು ಆಗುತ್ತಿತ್ತಾ?

ಖರ್ಚು, ನೆನಪಿದ್ದಂತೆ: ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಹದಿನಾಲ್ಕು ಸಾವಿರ, ಯುಪಿಎಸ್ ಮೂರೂವರೆ (ಮಳೆಗಾಲದ ಕರೆಂಟಿಗೆ ಒಮ್ಮೆ ಡೇಟಾಬೇಸ್ ಕೆಟ್ಟ ಮೇಲೆ ತಂದದ್ದು), ಸ್ಕ್ಯಾನರ್ ಎರಡು ಸಾವಿರದೊಳಗೆ, ಲೇಬಲ್ಲು ಬಾರ್‌ಕೋಡ್ ಎಲ್ಲ ಸೇರಿ ಒಂಬತ್ತು, ಎರಡನೇ ಸಲದ ಟೈಪಿಂಗ್‌ಗೆ ಇಪ್ಪತ್ತೆಂಟು. ಹಾಳಾದ ಹತ್ತೊಂಬತ್ತು ಸಾವಿರವನ್ನೂ ಸೇರಿಸಿದರೆ ಎಪ್ಪತ್ತೈದರ ಆಸುಪಾಸು. ಒಂದು ಕಂಪನಿ ಇದೇ ಕೆಲಸಕ್ಕೆ ಎರಡೂಕಾಲು ಲಕ್ಷ ಕೇಳಿತ್ತು, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಕೋಹಾಗೆ ಒಂದು ಪೈಸೆ ಕೊಟ್ಟಿಲ್ಲ. ನ್ಯೂಜಿಲೆಂಡಿನ ಒಂದು ಲೈಬ್ರರಿಗೆ ಅಂತ ಮಾಡಿ, 2000ದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ.

ಪತ್ರಿಕೆಗಳ ಬೌಂಡ್ ಸಂಪುಟಗಳು ಇನ್ನೂ ಬಾಕಿ ಇವೆ, ಆರುನೂರರಷ್ಟು. ಈಗ ಮುಟ್ಟಿದರೆ ತೇವಕ್ಕೆ ಹಾಳೆ ಕಿತ್ತು ಬರುತ್ತದೆ. ದೀಪಾವಳಿ ಕಳೆದು ಬಿಸಿಲು ಬಂದ ಮೇಲೆ ಶುರು ಮಾಡುತ್ತೇವೆ.