ಛತ್ರದಲ್ಲಿ ಜಾರಿ ಬಿದ್ದರೆ ಹೊಣೆ ಯಾರದು?

ಇಂಥ ಪ್ರಕರಣ ಬಂದಾಗ ವಕೀಲನಾಗಿ ನಾನು ಮೊದಲು ಕೇಳುವುದು ನೆಲದ ಫೋಟೊ. ಮೂಳೆ ಮುರಿದದ್ದನ್ನು ಆಸ್ಪತ್ರೆಯವರು ಹೇಗೂ ಬರೆದಿಟ್ಟಿರುತ್ತಾರೆ. ಒದ್ದೆ ನೆಲವನ್ನು ಸಂಜೆಯೊಳಗೆ ಯಾರೋ ಒರೆಸಿಬಿಡುತ್ತಾರೆ.

ಜಯನಗರದ ಕಡೆಯ ಛತ್ರವೊಂದರಲ್ಲಿ ಮದುವೆಗೆ ಬಂದಿದ್ದ ಅಜ್ಜಿಯೊಬ್ಬರು ಸೊಂಟ ಮುರಿದುಕೊಂಡಿದ್ದರು. ಅವರ ಮಗ ಫೋನ್ ಮಾಡಿದ ಕೂಡಲೇ ಹೋಗಿ ನೋಡಿದೆ. ಊಟದ ಮನೆಯಿಂದ ಕೈ ತೊಳೆಯುವ ಜಾಗಕ್ಕೆ ಇಳಿಯುವಲ್ಲಿ ಹೊಳಪು ಕೊಟ್ಟ ಗ್ರಾನೈಟ್ ಮೆಟ್ಟಿಲು. ಹಿಡಿದುಕೊಳ್ಳಲು ಕಂಬಿ ಇಲ್ಲ. ನಲ್ಲಿಯ ಕೆಳಗಿನ ಪೈಪಿನಿಂದ ನೀರು ಜಿನುಗುತ್ತಿತ್ತು. ಜಿನುಗುವ ಜಾಗಕ್ಕೆ ಹಳೆಯ ಬಟ್ಟೆ ಬಿಗಿದಿದ್ದರು, ಅದು ಪಾಚಿಗಟ್ಟಿತ್ತು. ಸೋರಿಕೆ ಛತ್ರದವರಿಗೆ ಬಹಳ ದಿನಗಳಿಂದ ಗೊತ್ತಿತ್ತು ಎನ್ನಲು ಆ ಬಟ್ಟೆಗಿಂತ ಸಾಕ್ಷಿ ಬೇಕೆ?

"ಅಜ್ಜಿ ನೋಡಿಕೊಂಡು ನಡೆಯಬೇಕಿತ್ತು ಸಾರ್" ಎಂದ ಮ್ಯಾನೇಜರ್, ಗೋಡೆಯ ಫಲಕ ತೋರಿಸಿದ: ಅವಘಡಗಳಿಗೆ ಆಡಳಿತ ಮಂಡಳಿ ಹೊಣೆಯಲ್ಲ. ಬರೆದು ತೂಗುಹಾಕಿದ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ. ಬಿದ್ದವರ ಅಜಾಗರೂಕತೆ ಸಾಬೀತಾದರೂ ಸಾಮಾನ್ಯವಾಗಿ ಪರಿಹಾರ ಕಡಿಮೆಯಾದೀತೇ ಹೊರತು ಮಾಲೀಕ ಪೂರ್ತಿ ಪಾರಾಗುವುದಿಲ್ಲ. ಕಟ್ಟಡಕ್ಕೆ ಬಂದವರ ಸುರಕ್ಷತೆಯ ಹೊಣೆಗೆಂದೇ ಇಂಗ್ಲೆಂಡಿನಲ್ಲಿ 1957ರ ಕಾಯ್ದೆಯಿದೆ. ನಮ್ಮಲ್ಲಿ ಅಂಥದ್ದಿಲ್ಲ, ತೀರ್ಪುಗಳೇ ಆಧಾರ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ, ದೋಷ ಕಣ್ಣಿಗೆ ಕಾಣುತ್ತಿರಲಿಲ್ಲ ಎಂಬ ಸಬೂಬನ್ನು ಸುಪ್ರೀಂ ಕೋರ್ಟ್ 1966ರಲ್ಲಿ ಒಪ್ಪಲಿಲ್ಲ. ಅಲ್ಲಿ ಸತ್ತವರು ರಸ್ತೆಯಲ್ಲಿದ್ದವರು, ಇಲ್ಲಿ ಬಿದ್ದವರು ಅತಿಥಿ. ಆದರೂ ನೋಟಿಸಿನಲ್ಲಿ ಅದನ್ನು ಉಲ್ಲೇಖಿಸಿದೆ.

ಬಾಡಿಗೆ ಕಟ್ಟಿದವರು ಹೆಣ್ಣಿನ ಕಡೆಯವರು, ಅಜ್ಜಿ ಗ್ರಾಹಕರು ಹೇಗಾದರು ಎಂಬ ತಕರಾರು ಬರುವುದು ಖಚಿತವಿತ್ತು. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರೇ. ದೂರಿಗೆ 2 ವರ್ಷದ ಗಡುವಿದೆ. ಪೊಲೀಸ್ ಠಾಣೆಯ ದಾರಿ ನನಗೆ ಬೇಡವೆನಿಸಿತು. ಅಜ್ಜಿಗೆ ಬೇಕಿದ್ದುದು ಶಸ್ತ್ರಚಿಕಿತ್ಸೆಯ ಖರ್ಚು.

ಮದುವೆಯ ವಿಡಿಯೊ ತೆಗೆದವರಿಂದ ಮೂಲ ಕಡತವನ್ನೂ, ಅದು ಸಾಕ್ಷ್ಯವಾಗಲು ಬೇಕಾದ ಪ್ರಮಾಣಪತ್ರವನ್ನೂ ಪಡೆದೆ. ನೋಟಿಸು ಮಾಲೀಕರಿಗೂ ಹೋಯಿತು, ಅಡುಗೆ ಗುತ್ತಿಗೆದಾರರಿಗೂ ಹೋಯಿತು. ನೀರು ಚೆಲ್ಲಿದ್ದು ಅಡುಗೆಯವರು ಎಂದು ಮಾಲೀಕರು ಉತ್ತರಿಸಿದರು, ಪೈಪು ಸೋರುತ್ತಿತ್ತು ಎಂದು ಅಡುಗೆಯವರು. ನೆಲ ಒದ್ದೆಯಿತ್ತೆಂಬುದನ್ನು ಇಬ್ಬರೂ ಬರವಣಿಗೆಯಲ್ಲೇ ಒಪ್ಪಿಕೊಂಡಂತಾಯಿತು! ಆಮೇಲೆ ಉಳಿದದ್ದು ಚೌಕಾಸಿ. ಆಸ್ಪತ್ರೆಯ ಬಿಲ್ಲು, ಫಿಸಿಯೊಥೆರಪಿ, ಮನೆಯಲ್ಲಿ ನೋಡಿಕೊಳ್ಳುವವಳ ಸಂಬಳ ಪೂರ್ತಿ ಸಿಕ್ಕವು. ನೋವಿಗೆ ಕೇಳಿದ್ದರಲ್ಲಿ ಅರ್ಧ ಬಿಟ್ಟೆವು. ಚೆಕ್ ನಗದಾದ ಮೇಲೆಯೇ ರಾಜಿಪತ್ರಕ್ಕೆ ಅಜ್ಜಿಯ ಸಹಿ ಹಾಕಿಸಿದೆ.