ಖಾಲಿ ಪಥದಲ್ಲಿ ಕಾರು ತಾನಾಗಿ ಬ್ರೇಕ್ ಹಾಕಿದಾಗ: ನಾನು ಕಾರಣ ಹುಡುಕಿದ ಬಗೆ

ಕೆಲಸ ಬೆಂಗಳೂರಿನಲ್ಲಿ, ಊರು ಮಂಡ್ಯದ ಹತ್ತಿರದ ಹಳ್ಳಿ; ಹೀಗಾಗಿ ತಿಂಗಳಿಗೆ ಎರಡು ಮೂರು ಬಾರಿಯಾದರೂ ಮೈಸೂರು ಹೆದ್ದಾರಿಯಲ್ಲಿ ನನ್ನ ಓಡಾಟ ಇದ್ದೇ ಇರುತ್ತದೆ. ಒಂದು ಶನಿವಾರ ಸಂಜೆ ಅವ್ವನನ್ನು ಊರಿಗೆ ಬಿಡಲು ಹೊರಟಿದ್ದೆ. ರಾಮನಗರ–ಚನ್ನಪಟ್ಟಣ ಬೈಪಾಸಿನಲ್ಲಿ, ಸಣ್ಣ ಬಲತಿರುವೊಂದರಲ್ಲಿ, ಮಧ್ಯದ ಪಥದಲ್ಲಿ ಗಂಟೆಗೆ 85 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಕಾರು ಇದ್ದಕ್ಕಿದ್ದಂತೆ ತಾನೇ ಬ್ರೇಕ್ ಹಾಕಿತು. ನನ್ನ ಮುಂದೆ ಯಾವ ವಾಹನವೂ ಇರಲಿಲ್ಲ. ಸೀಟ್ ಬೆಲ್ಟ್ ಎದೆಗೆ ಬಿಗಿಯಿತು, ಹಿಂದಿನ ಸೀಟಿನ ಮೇಲಿದ್ದ ಸ್ಟೀಲ್ ಡಬ್ಬಿ ಕೆಳಗೆ ಬಿತ್ತು, ಹಿಂದೆ ಬರುತ್ತಿದ್ದ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯುತ್ತ ಬಲಕ್ಕೆ ಸರಿದು ನಮ್ಮನ್ನು ದಾಟಿತು. "ಯಾಕ್ಲ ಮಗ, ನಾಯಿ ಅಡ್ಡ ಬಂತಾ?" ಎಂದು ಅವ್ವ ಕೇಳಿದರು. ಕನ್ನಡಿಯಲ್ಲಿ ಆ ಬಸ್ಸು ಬೆಳೆಯುತ್ತ ಬಂದದ್ದನ್ನು ನಾನು ಇನ್ನೂ ಮರೆತಿಲ್ಲ.

ಅಡಾಸ್ ಎಂದು ಎಲ್ಲರೂ ಕರೆಯುವ ಚಾಲಕ ನೆರವು ವ್ಯವಸ್ಥೆಯನ್ನು ನಾನು ಆಸೆಪಟ್ಟು ತೆಗೆದುಕೊಂಡಿದ್ದೆ, ಅದರ ಉಪಯೋಗವನ್ನು ಕಣ್ಣಾರೆ ಕಂಡೂ ಇದ್ದೆ. ಆದ್ದರಿಂದ ಅದನ್ನು ಆಫ್ ಮಾಡಿಬಿಡುವ ಮೊದಲು, ಅದು ಯಾಕೆ ಹೀಗೆ ಮಾಡುತ್ತಿದೆ ಎಂಬುದನ್ನು ತಿಳಿಯಲೇಬೇಕು ಎಂದು ನಿರ್ಧರಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ದಿನಾಂಕ, ಜಾಗ, ವೇಗ, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಮುಂದೆ ಏನಿತ್ತು, ಪಕ್ಕದ ಪಥದಲ್ಲಿ ಏನಿತ್ತು, ಬೀಪ್ ಮೊದಲು ಬಂತೋ ಬ್ರೇಕ್ ಮೊದಲು ಬಿತ್ತೋ, ಇಷ್ಟನ್ನು ಪ್ರತಿ ಸಲವೂ ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ಬರೆದುಕೊಳ್ಳುತ್ತಿದ್ದಳು. ಒಬ್ಬನೇ ಇದ್ದಾಗ ಗಾಡಿ ನಿಲ್ಲಿಸಿ ನಾನೇ ಬರೆಯುತ್ತಿದ್ದೆ.

ಎರಡು ತಿಂಗಳಲ್ಲಿ ಹನ್ನೊಂದು ನಮೂದುಗಳಾದವು. ಅವುಗಳಲ್ಲಿ ಮೂರು ಕೆಂಗೇರಿಗಿಂತ ಈಚೆ, ನಗರದೊಳಗೆ, ಬೈಕು ಅಥವಾ ಆಟೊ ಏಕಾಏಕಿ ಮುಂದೆ ನುಗ್ಗಿದಾಗ ಆದವು. ಆ ಬ್ರೇಕ್ ನ್ಯಾಯವಾದದ್ದೇ. ಅದನ್ನು ತಪ್ಪು ಎನ್ನಲಾಗದು. ಉಳಿದ ಎಂಟೂ ಹೆದ್ದಾರಿಯವು. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲದ ಕಾರಣ, ಯಾರೋ ಅಡ್ಡ ನುಗ್ಗಿರಬೇಕು ಎಂಬ ಸುಲಭದ ವಿವರಣೆ ಈ ಎಂಟಕ್ಕೆ ಹೊಂದಲಿಲ್ಲ. ಎಂಟರಲ್ಲಿ ಆರು ಬಲತಿರುವಿನಲ್ಲಿ ಆಗಿದ್ದವು, ಮತ್ತು ಆರರಲ್ಲೂ ಎಡಪಥದಲ್ಲಿ ನಿಧಾನವಾಗಿ ಹೋಗುವ ಲಾರಿಯೋ ಬಸ್ಸೋ ಇತ್ತು. ಇನ್ನೆರಡು ಸಂಜೆಯ ಬಿಸಿಲು ಕಣ್ಣಿಗೆ ನೇರ ಹೊಡೆಯುವಾಗ, ಮೇಲ್ಸೇತುವೆಯ ದಟ್ಟ ನೆರಳಿಗೆ ಕಾರು ಹೊಕ್ಕಾಗ ಆದವು.

ಈ ಪಟ್ಟಿಗೆ ಅರ್ಥ ಬರಬೇಕಾದರೆ ಕಾರು ಹೇಗೆ ನೋಡುತ್ತದೆ ಎಂಬುದು ಗೊತ್ತಿರಬೇಕು. ನನ್ನ ಕಾರಿನಲ್ಲಿ ಮುಂದಿನ ಬಂಪರಿನ ಬಳಿ ಸುಮಾರು 77 ಗಿಗಾಹರ್ಟ್ಸ್ ತರಂಗಗಳನ್ನು ಬಳಸುವ ರಾಡಾರ್ ಇದೆ, ಒಳಗಿನ ಕನ್ನಡಿಯ ಹಿಂದೆ ಗಾಜಿಗೆ ಹೊಂದಿಕೊಂಡಂತೆ ಕ್ಯಾಮೆರಾ ಇದೆ. ಎದುರಿನ ವಸ್ತು ಎಷ್ಟು ದೂರದಲ್ಲಿದೆ, ಎಷ್ಟು ವೇಗವಾಗಿ ಹತ್ತಿರವಾಗುತ್ತಿದೆ ಎಂಬುದನ್ನು ರಾಡಾರ್ ಬಹಳ ನಿಖರವಾಗಿ ಅಳೆಯುತ್ತದೆ. ಅದು ಏನು, ಯಾವ ಪಥದಲ್ಲಿದೆ ಎಂಬುದನ್ನು ಹೇಳುವುದು ಹೆಚ್ಚಾಗಿ ಕ್ಯಾಮೆರಾದ ಕೆಲಸ. ಬಲತಿರುವಿನಲ್ಲಿ ಎಡಪಥದ ಲಾರಿ, ನಮಗಿಂತ ಮುಂದೆ ತಿರುಗಿರುವುದರಿಂದ, ಕ್ಷಣಕಾಲ ನಮ್ಮ ಬಾನೆಟ್ಟಿನ ನೇರಕ್ಕೇ ಬರುತ್ತದೆ. ಅದು ಪಕ್ಕದ ಪಥದ್ದು ಎಂದು ಗುರುತಿಸಬೇಕಾದ ಕ್ಯಾಮೆರಾವೇ ಎಡಕ್ಕೆ ಒಂದು ಡಿಗ್ರಿ ವಾಲಿದ್ದರೆ, 100 ಮೀಟರ್ ಮುಂದೆ ಆ ತಪ್ಪು ಸುಮಾರು ಒಂದೂ ಮುಕ್ಕಾಲು ಮೀಟರ್ ಆಗುತ್ತದೆ. ಹೆದ್ದಾರಿಯ ಒಂದು ಪಥದ ಅಗಲವೇ ಮೂರೂವರೆ ಮೀಟರ್, ಅಂದರೆ ಅರ್ಧ ಪಥವೇ ಪಕ್ಕಕ್ಕೆ ಸರಿದಂತೆ!

ಸರ್ವಿಸ್ ಸೆಂಟರಿನಲ್ಲಿ ಮೊದಲ ಸಲ ಸಿಕ್ಕ ಉತ್ತರ ಇಷ್ಟೇ: "ಸ್ಕ್ಯಾನ್ ಮಾಡಿದೀವಿ ಸರ್, ಎರರ್ ಕೋಡ್ ಏನೂ ಇಲ್ಲ, ಸಿಸ್ಟಂ ನಾರ್ಮಲ್ ಇದೆ." ನನಗೆ ನಿಜಕ್ಕೂ ಬೇಸರವಾಯಿತು, ಏಕೆಂದರೆ ಮಾತಿನ ಧಾಟಿ ನಾನೇ ಕಲ್ಪಿಸಿಕೊಂಡಿದ್ದೇನೆ ಎಂಬಂತಿತ್ತು. ಇದು ಕಲ್ಪನೆಯಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಗೆ ಒಂಬತ್ತು ತಿಂಗಳಲ್ಲಿ ಇಂಥವೇ 354 ದೂರುಗಳು ಬಂದ ಮೇಲೆ, 2022ರ ಫೆಬ್ರವರಿಯಲ್ಲಿ ಅದು ಸುಮಾರು 4.16 ಲಕ್ಷ ಟೆಸ್ಲಾ ಕಾರುಗಳ ಬಗ್ಗೆ ತನಿಖೆ ಆರಂಭಿಸಿತ್ತು. ಎರಡನೆಯ ಸಲ ನೋಟ್‌ಬುಕ್ ಹಿಡಿದುಕೊಂಡೇ ಹೋದೆ. ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ನಿಂತಲ್ಲೇ ಓದಿ, "ಮುಂದಿನ ಗ್ಲಾಸ್ ಏನಾದ್ರೂ ಚೇಂಜ್ ಮಾಡ್ಸಿದ್ರಾ ಸರ್?" ಎಂದು ಕೇಳಿದರು. ಹೌದು, ಮಾಡಿಸಿದ್ದೆ. ಲಾರಿಯ ಚಕ್ರದಿಂದ ಹಾರಿದ ಕಲ್ಲು ಬಡಿದು ಗಾಜು ಸೀಳಿದ್ದರಿಂದ ಹೊರಗಿನ ಅಂಗಡಿಯೊಂದರಲ್ಲಿ ಹೊಸದು ಹಾಕಿಸಿದ್ದೆ; ಮೊದಲ ಬ್ರೇಕ್ ಬಿದ್ದದ್ದು ಅದಾದ ಮೂರನೆಯ ವಾರದಲ್ಲಿ. ಕ್ಯಾಮೆರಾ ಬಿಚ್ಚಿ ಮತ್ತೆ ಕೂರಿಸಿದ ಮೇಲೆ ಕ್ಯಾಲಿಬ್ರೇಶನ್, ಅಂದರೆ ಅದರ ನೇರವನ್ನು ಅಳೆದು ತಿದ್ದುವ ಕೆಲಸ, ಆಗಬೇಕು ಎಂದು ಅಲ್ಲಿ ಯಾರೂ ಹೇಳಿರಲಿಲ್ಲ. ಸಾಲದ್ದಕ್ಕೆ ಹೊಸ ಫಾಸ್ಟ್ಯಾಗನ್ನು ಕ್ಯಾಮೆರಾದ ಕಿಟಕಿಯ ಅಂಚಿಗೇ ಅಂಟಿಸಿದ್ದರು, ಅದರ ಒಂದು ಮೂಲೆ ನೋಟಕ್ಕೆ ಅಡ್ಡ ಬರುತ್ತಿತ್ತು.

ಕ್ಯಾಲಿಬ್ರೇಶನ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡಲು ಅವರು ಒಪ್ಪಿದರು. ಮೊದಲು ವೀಲ್ ಅಲೈನ್‌ಮೆಂಟ್, ಆಮೇಲೆ ನಾಲ್ಕೂ ಟೈರುಗಳ ಗಾಳಿ, ಡಿಕ್ಕಿಯಲ್ಲಿದ್ದ ಅಕ್ಕಿ ಮೂಟೆಯನ್ನೂ ಇಳಿಸಿದರು. ಕಾರಿನ ಮೂಗು ಸ್ವಲ್ಪ ಎತ್ತಿದರೂ ತಗ್ಗಿದರೂ ಕ್ಯಾಮೆರಾದ ಲೆಕ್ಕ ತಪ್ಪುತ್ತದಂತೆ. ಸಮತಟ್ಟಾದ ನೆಲದಲ್ಲಿ ಕಾರಿನ ನಡುಗೆರೆಗೆ ಲೇಸರ್ ಹಿಡಿದು, ಟೇಪಿನಿಂದ ಅಳೆದ ದೂರದಲ್ಲಿ ಕಪ್ಪು ಬಿಳುಪು ಚೌಕಗಳ ಫಲಕವನ್ನು ನಿಲ್ಲಿಸಿದರು. ಸ್ಕ್ಯಾನರ್ ಜೋಡಿಸಿದ ಮೇಲೆ ಕ್ಯಾಮೆರಾ ಆ ಚೌಕಗಳನ್ನು ನೋಡಿ ತನ್ನ ನೇರವನ್ನು ತಿದ್ದಿಕೊಂಡಿತು. ಫಲಕ ಒಂದು ಬೆರಳಿನಷ್ಟು ಸರಿದಿದ್ದಕ್ಕೆ ಮೆಕ್ಯಾನಿಕ್ ಎರಡು ಬಾರಿ ಮೊದಲಿನಿಂದ ಅಳೆದರು. ಆ ಶ್ರದ್ಧೆಗೆ ನಾನು ಋಣಿ. ಫಾಸ್ಟ್ಯಾಗನ್ನು ಕಿತ್ತು, ಬೇರೆಯದನ್ನು ಕ್ಯಾಮೆರಾದಿಂದ ದೂರ ಅಂಟಿಸಿಕೊಂಡೆ.

ಈ ನಡುವೆ ನನ್ನ ಚಾಲನೆಯನ್ನೂ ಬದಲಿಸಿಕೊಂಡಿದ್ದೆ. ಎಚ್ಚರಿಕೆಯ ಸೆಟ್ಟಿಂಗನ್ನು ಬೇಗ ಎಂಬುದರಿಂದ ಮಧ್ಯಮಕ್ಕೆ ಇಳಿಸಿದೆ, ಕಾರು ತಾನೇ ವೇಗ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲನ್ನು ತಿರುವಿಗೆ ಮೊದಲು ತೆಗೆಯತೊಡಗಿದೆ. ಸುಳ್ಳು ಬ್ರೇಕ್ ಬಿದ್ದಾಗ ಆಕ್ಸಿಲರೇಟರನ್ನು ಗಟ್ಟಿಯಾಗಿ ಒತ್ತಿದರೆ ನನ್ನ ಕಾರು ಬ್ರೇಕ್ ಬಿಡುತ್ತದೆ. ಅದನ್ನು ಕೈಪಿಡಿಯಲ್ಲಿ ಓದಿ ಖಚಿತ ಮಾಡಿಕೊಂಡೆ. ಆದರೆ ಮುಂದೆ ನಿಜವಾಗಿಯೂ ಏನೂ ಇಲ್ಲವೆಂದು ಕಣ್ಣು ಹೇಳಿದ ಮೇಲೆಯೇ ಕಾಲು ಒತ್ತಬೇಕು, ಆದ್ದರಿಂದ ಕ್ರೂಸ್ ಹಾಕಿದಾಗಲೂ ಕಾಲನ್ನು ಪೆಡಲಿನ ಹತ್ತಿರವೇ ಇಡುತ್ತೇನೆ, ಹಿಂದಿನ ವಾಹನ ಎಷ್ಟು ಹತ್ತಿರವಿದೆ ಎಂದು ಕನ್ನಡಿ ನೋಡುತ್ತಲೇ ಇರುತ್ತೇನೆ.

ಕ್ಯಾಲಿಬ್ರೇಶನ್ ಆಗಿ ಈಗ ಐದು ತಿಂಗಳು. ಬಲತಿರುವಿನ ಬ್ರೇಕ್ ಒಂದು ಸಲವೂ ಬಿದ್ದಿಲ್ಲ. ನೋಟ್‌ಬುಕ್ಕಿನಲ್ಲಿ ಹೆದ್ದಾರಿಯ ಹೊಸ ನಮೂದು ಒಂದೇ ಇದೆ: ಮದ್ದೂರು ದಾಟಿದ ಮೇಲೆ, ಸಂಜೆ 5.40, ಎದುರು ಬಿಸಿಲು, ಸೇತುವೆಯ ನೆರಳು, ಬೀಪ್ ಮಾತ್ರ, ಬ್ರೇಕ್ ಇಲ್ಲ.